ಒಂದನೇ ನಂಬರ್ ಸೀಟಿಂದ ನಮ್ಮಪ್ಪನ್ನ ಎಬ್ಬಿಸಿದ ಬಗ್ಗೆ

ಹೆಸರು: ಎಲ್ಲರೂ ಕತ್ರಿ ಅಂತ ಕರೀತಾರೆ, ಹಾಗೇ ಬರ್ಕೊಳಿ.
ವಯಸ್ಸು: 21.
ಓದು: ಎಂಟನೇ ಕ್ಲಾಸು, ಅದೂ ಅರ್ಧ.
ಕೆಲಸ: ಬಸ್ ಸ್ಟ್ಯಾಂಡ್ ಎದುರಿಗೆ ಯೂನಿಫಾರ್ಮ್ ಹೊಲಿಯೋ ಅಂಗಡೀಲಿ ಟೈಲರ್.
ವಿಳಾಸ: ಹಳೇ ಐಸ್ ಫ್ಯಾಕ್ಟರಿ ಹಿಂದಿನ ಬೀದಿ, ಮೂರನೇ ಮಹಡಿ, ನೀರಿನ ಟ್ಯಾಂಕ್ ಪಕ್ಕದ ರೂಮು.

ಮೇಲೆ ಹೇಳಿದ ನಾನು ಈ ಮೂಲಕ ತಿಳಿಸೋದೇನಂದ್ರೆ, ಇವತ್ತು ಮಧ್ಯಾಹ್ನ 3-40ರ ಬಸ್ಸಲ್ಲಿ ಸೈನಿಕರೊಬ್ಬರ ಯೂನಿಫಾರ್ಮ್ ಹರಿದೆ ಅಂತ ನನ್ನನ್ನ ಠಾಣೆಗೆ ಕರ್ಕೊಂಡು ಬಂದಿದಾರೆ. ಹರಿದಿದ್ದು ನಿಜ. ನಾನೇ ಹರಿದಿದ್ದು. ಆದರೆ ಕಥೆ ಅಲ್ಲಿಂದ ಶುರು ಆಗಲ್ಲ. ಅಲ್ಲಿಂದ ಬರ್ಕೊಂಡ್ರೆ ನಾನು ಸಹಿ ಹಾಕಲ್ಲ. ರೈಟರ್ ಸಾಹೇಬ್ರು ನಾನು ಹೇಳಿದ್ದನ್ನ ಪುಸ್ತಕದ ಭಾಷೆಗೆ ತಿರುಗಿಸೋದೂ ಬೇಡ. ಬಾಯಿಂದ ಹೆಂಗೆ ಬರುತ್ತೋ ಹಂಗೇ ಬರೀಲಿ.

ನಮ್ಮಪ್ಪನಿಗೆ ಅರವತ್ಮೂರು ವರ್ಷ. ರಸ್ತೆಗೆ ಟಾರು ಹಾಕೋ ಗ್ಯಾಂಗಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದಾರೆ. ಹೋದ ಶುಕ್ರವಾರ ದೊಡ್ಡಾಸ್ಪತ್ರೇಲಿ ಅವರ ಬಲಗಡೆ ಸೊಂಟದ ಕೀಲು ತೆಗೆದು ಹೊಸದು ಹಾಕಿದ್ರು. ಇವತ್ತು ಬೆಳಿಗ್ಗೆ 11 ಗಂಟೆಗೆ ಡಿಸ್ಚಾರ್ಜ್ ಮಾಡಿದ್ರು. ನಮ್ಮ ರೂಮಿಗೆ ಐವತ್ತೆರಡು ಮೆಟ್ಟಿಲು. ಅಕ್ಕನ ಮನೆ 64 ಕಿಲೋಮೀಟರ್ ದೂರ, ಆದರೆ ನೆಲದ ಮೇಲಿದೆ. ಅದಕ್ಕೇ ಅಲ್ಲಿಗೆ ಹೊರಟಿದ್ವಿ.

ಡಾಕ್ಟರಮ್ಮ ಮೊನ್ನೇನೇ ಮೂರು ಮಾತು ಹೇಳಿದ್ರು. ಆರು ವಾರ ಕುಕ್ಕರಗಾಲಲ್ಲಿ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಬಂದ್ರೆ ಕೀಲು ಕಳಚ್ಕೊಳ್ಳುತ್ತೆ ಅಂದ್ರು. ಬಸ್ಸಲ್ಲಿ ಹೋಗಬಹುದಾ ಅಂತ ನಾನು ಎರಡು ಸಲ ಕೇಳಿದೆ. ಮುಂದೆ ಕಾಲು ಚಾಚೋಕೆ ಜಾಗ ಇರೋ ಸೀಟು ಸಿಕ್ಕಿದ್ರೆ ಹೋಗಬಹುದು, ಸಿಗಲಿಲ್ಲ ಅಂದ್ರೆ ಇನ್ನೊಂದು ದಿನ ಹೋಗಿ ಅಂದ್ರು.

ನಾನು ನಿನ್ನೇನೇ ಬಸ್ ಸ್ಟ್ಯಾಂಡಿಗೆ ಹೋಗಿ ಆ ಸೀಟನ್ನೇ ಬರೆಸಿದ್ದೆ. ಆ ಬಸ್ಸಲ್ಲಿ ಬಾಗಿಲ ಪಕ್ಕ ಒಂಟಿ ಸೀಟು ಒಂದಿದೆ, ನಂಬರ್ 1. ಅದರ ಮುಂದೆ ಯಾವ ಸೀಟೂ ಇಲ್ಲ. ಟಿಕೆಟ್ ಕೌಂಟರಿನವರಿಗೆ ಆಸ್ಪತ್ರೆ ಚೀಟಿ ತೋರಿಸಿದೆ. ಅವರು ಟಿಕೆಟ್ ಹಿಂದೆ ಕೆಂಪು ಪೆನ್ನಲ್ಲಿ "ಕಾಲು ಆಪರೇಷನ್" ಅಂತ ಬರೆದು ಕೊಟ್ರು. ನನಗೆ ಉಳಿದಿದ್ದು ಕೊನೇ ಸಾಲಿನ 43. ಆ ಟಿಕೆಟ್ ನಿಮ್ಮ ಮೇಜಿನ ಮೇಲಿದೆ. ತಿರುಗಿಸಿ ನೋಡಿ. ಇಲ್ಲಿವರೆಗೂ ಯಾರೂ ತಿರುಗಿಸಿ ನೋಡಿಲ್ಲ.

ಮಧ್ಯಾಹ್ನ 3-15ಕ್ಕೆ ಬಸ್ ಸ್ಟ್ಯಾಂಡಿಗೆ ಬಂದ್ವಿ. ಅಪ್ಪನ್ನ ಮೂರು ಮೆಟ್ಟಿಲು ಹತ್ತಿಸೋಕೆ ಆರು ನಿಮಿಷ ಆಯ್ತು. ಎಡಗಾಲು ಮೇಲೆ, ಆಮೇಲೆ ಬಲಗಾಲು, ಆಸ್ಪತ್ರೇಲಿ ಹೇಳಿಕೊಟ್ಟ ಹಾಗೆ. ಒಂದನೇ ಸೀಟಲ್ಲಿ ಕೂರಿಸಿ, ಕೆಳಗೆ ಬ್ಯಾಗ್ ಇಟ್ಟು ಅದರ ಮೇಲೆ ಕಾಲು ಚಾಚಿಸಿದೆ. ಅಪ್ಪ ರಾಜನ ಹಾಗೆ ಕೂತಿದೀನಿ ಕಣೋ ಅಂದ್ರು. ರಾಜ ಸ್ವಲ್ಪ ಅಲುಗಾಡದೆ ಕೂತ್ಕೊಳ್ಳಲಿ ಅಂದೆ. ನಕ್ಕರು. ನಡೆಯೋಕೆ ಹಿಡ್ಕೊಳ್ಳೋ ವಾಕರ್ ಬಸ್ಸೊಳಗೆ ಅಡ್ಡ ಆಗುತ್ತೆ ಅಂತ ಕಂಡಕ್ಟರ್ ಹೇಳಿದ. ಅದನ್ನ ಹಿಂದುಗಡೆ ಸಾಮಾನಿನ ಡಿಕ್ಕೀಲಿ ಇಡೋಕೆ ನಾನು ಇಳಿದೆ. ಆಗ 3-31. ಡಿಕ್ಕಿ ಬಾಗಿಲು ಹಿಡ್ಕೊಂಡಿತ್ತು, ಡ್ರೈವರ್ ಬಂದು ಒದ್ದ ಮೇಲೆ ತೆಗೀತು.

3-36ಕ್ಕೆ ನಾನು ವಾಪಸ್ ಬಂದಾಗ ಬಾಗಿಲಲ್ಲಿ ಒಬ್ಬ ಸೈನಿಕರು ನಿಂತಿದ್ರು. ಪೂರ್ತಿ ಯೂನಿಫಾರ್ಮು, ಬೆನ್ನ ಮೇಲೆ ದೊಡ್ಡ ಚೀಲ. ವಯಸ್ಸು ಮೂವತ್ತರ ಒಳಗೆ. ಕಂಡಕ್ಟರ್ ಅವರ ಕೈ ಹಿಡಿದು ಒಳಗೆ ಎಳೀತಿದ್ದ. ಬನ್ನಿ ಸರ್, ಒಂದನೇ ನಂಬರ್ ನಮ್ಮ ಬಸ್ಸಲ್ಲಿ ಯಾವಾಗಲೂ ಯೋಧರಿಗೇ ಅಂತಿದ್ದ. ಆ ತರಹ ಎಲ್ಲೂ ಬೋರ್ಡಿಲ್ಲ. ನಾನು ಇಲ್ಲಿ ಕೂರೋ ಮುಂಚೆ ಇನ್ಸ್‌ಪೆಕ್ಟರ್ ಸಾಹೇಬ್ರು ಡಿಪೋಗೆ ಫೋನ್ ಮಾಡಿ ಕೇಳಿದ್ರು, ಅವರೂ ಅಂಥ ನಿಯಮ ಇಲ್ಲ ಅಂದ್ರು. ಅದು ಕಂಡಕ್ಟರ್ ತಾನೇ ಮಾಡ್ಕೊಂಡ ನಿಯಮ. ಯೂನಿಫಾರ್ಮಿನವರು ಹತ್ತಿದ್ರೆ ಒಂದನೇ ಸೀಟಲ್ಲಿ ಇದ್ದವರನ್ನ ಎಬ್ಬಿಸೋದು, ಅವರನ್ನ ಕೂರಿಸೋದು, ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳೋದು. ಡ್ರೈವರ್ ತಲೆ ಮೇಲೆ ಅಂಥ ಹನ್ನೆರಡು ಫೋಟೋ ಅಂಟಿಸಿದಾನೆ. ನಾನು ಎಣಿಸಿದೀನಿ.

ಸೈನಿಕರು ಬೇಡ ಅಣ್ಣಾ, ನಾನು ನಿಂತ್ಕೊಂಡೇ ಬರ್ತೀನಿ ಅಂದ್ರು. ಅದು ಮೊದಲನೇ ಸಲ. ನಾನು ಮೆಟ್ಟಿಲ ಕೆಳಗಿದ್ದೆ, ಕೇಳಿಸ್ತು. ಕಂಡಕ್ಟರ್ ಅಪ್ಪನ ಕಡೆ ತಿರುಗಿ, ಯಜಮಾನ್ರೆ, ಎದ್ದೇಳಿ, ದೇಶ ಕಾಯೋರು ನಿಂತಿದಾರೆ ಕಾಣಲ್ವಾ ಅಂದ. ನಾನು ಮೆಟ್ಟಿಲು ಹತ್ತಿ, ಅವರಿಗೆ ಕಾಲು ಆಪರೇಷನ್ ಆಗಿ ಆರು ದಿನ ಆಗಿದೆ, ಏಳಿಸಬೇಡಿ ಅಂದೆ. ಡಿಸ್ಚಾರ್ಜ್ ಚೀಟಿ ತೆಗೆದು ಅವನ ಮುಖದ ಮುಂದೆ ಹಿಡಿದೆ. ಅವನು ಚೀಟಿ ನೋಡಲಿಲ್ಲ. ಎಲ್ಲರಿಗೂ ಒಂದೊಂದು ನೋವು ಇದ್ದೇ ಇರುತ್ತಪ್ಪ ಅಂದ.

ಆಗ 7ನೇ ಸೀಟಿನವನು ಬಾಯಿ ಹಾಕಿದ. ಬಿಳಿ ಷರ್ಟು, ತಲೆ ಮೇಲೆ ಕನ್ನಡಕ, ಕೈಲಿ ಫೋನು. ನಾವೆಲ್ಲ ಇಲ್ಲಿ ನೆಮ್ಮದಿಯಾಗಿ ಕೂತಿದೀವಿ ಅಂದ್ರೆ ಅವರು ಅಲ್ಲಿ ನಿಂತಿರೋದ್ರಿಂದ ಕಣೋ ಅಂತ ನನಗೆ ಹೇಳಿದ. ಹೌದಲ್ಲ, ಕೂತಿದೀಯಲ್ಲ, ಎದ್ದು ಕೊಡು ಅಂದೆ. ನನ್ನದು ರಿಸರ್ವ್ ಸೀಟು ಅಂದ. ನಮ್ಮಪ್ಪಂದೇನು ಬಿಟ್ಟಿ ಸೀಟಾ ಅಂದೆ. ಅವನು ಫೋನ್ ಎತ್ತಿ ವಿಡಿಯೋ ಶುರು ಮಾಡಿದ.

ಸೈನಿಕರು ಎರಡನೇ ಸಲ ಬೇಡ ಅಂದ್ರು. ಇದನ್ನ ಬರ್ಕೊಳಿ. ಎರಡು ಸಲ ಬೇಡ ಅಂದಿದಾರೆ. ನಾನು ಸುಳ್ಳು ಹೇಳಲ್ಲ.

ನಾನು ಅವರಿಗೆ, ನನ್ನ ಸೀಟು ಇದೆ, 43, ಕೊನೇ ಸಾಲು, ನೀವು ಅಲ್ಲಿ ಕೂತ್ಕೊಳಿ, ನಾನು ನಿಂತ್ಕೋತೀನಿ ಅಂದೆ. ಅವರು ತಲೆ ಆಡಿಸಿದ್ರು, ಹಿಂದೆ ಹೋಗೋಕೆ ಒಂದು ಹೆಜ್ಜೆ ಇಟ್ರು ಕೂಡ. ಕಂಡಕ್ಟರ್ ಅಡ್ಡ ನಿಂತ. ಯೋಧರನ್ನ ಕೊನೇ ಸೀಟಲ್ಲಿ ಕೂರಿಸೋದಾ, ನಿನಗೆ ಮಾನ ಮರ್ಯಾದೆ ಇದೆಯಾ ಅಂದ. ಸೀಟು ಸಿಕ್ಕಿತ್ತು ಸರ್. ಕೂರೋಕೆ ಜಾಗ ಬೇಕು ಅಂದ್ರೆ ಅದು ಅಲ್ಲಿಗೇ ಮುಗೀತಿತ್ತು. ಆದರೆ ಅಲ್ಲಿ ಯಾರಿಗೂ ಅವರು ಕೂರೋದು ಬೇಕಿರಲಿಲ್ಲ. ಅವರು ಕೂತಿದ್ದನ್ನ ತಾವು ನೋಡೋದು ಬೇಕಿತ್ತು. ಅತ್ತೆ ಸೊತ್ತು ಅಳಿಯ ದಾನ ಮಾಡಿದ ಹಾಗೆ ನಮ್ಮಪ್ಪನ ಸೀಟನ್ನ ಇವರೆಲ್ಲ ದಾನ ಮಾಡಿದ್ರು.

5ನೇ ಸೀಟಲ್ಲಿ ಒಬ್ಬ ಅಜ್ಜಿ ಇದ್ರು. ಪಾಪ, ಆಸ್ಪತ್ರೆಯಿಂದ ಬಂದಿರೋ ಮನುಷ್ಯನ್ನ ಯಾಕಪ್ಪಾ ಎಬ್ಬಿಸ್ತೀರಿ ಅಂದ್ರು. ಅದನ್ನ ಹೇಳಿದ್ದು ಅವರೊಬ್ಬರೇ. ಬಸ್ಸಲ್ಲಿ ನಲವತ್ತೈದು ಜನ ಇದ್ರು.

ಈಗ ನಮ್ಮಪ್ಪನ ತಪ್ಪನ್ನೂ ಬರ್ಕೊಳಿ. ಅಪ್ಪ ತಾವೇ ಎದ್ರು. ಹೋಗ್ಲಿ ಬಿಡೋ ಮಗಾ, ಒಂದೂವರೆ ಗಂಟೆ ತಾನೇ, ನಮ್ಮ ಹುಡುಗ ಕೂತ್ಕೊಳ್ಳಲಿ ಅಂದ್ರು. ನಮ್ಮ ಹುಡುಗ ಅಂತ ನನ್ನನ್ನ ಅಂದಿದ್ದಲ್ಲ. ಕಂಡಕ್ಟರ್ ಅವರ ಎಡ ರಟ್ಟೆ ಹಿಡಿದು ಎತ್ತಿದ. ವಾಕರ್ ಕೆಳಗಡೆ ಡಿಕ್ಕೀಲಿತ್ತು. ಅಪ್ಪ ಸೀಟಿನ ಬೆನ್ನು ಒಂದೊಂದೇ ಹಿಡ್ಕೊಂಡು ಹತ್ತು ಸಾಲು ದಾಟಿ ಹಿಂದೆ ಹೋದ್ರು. ನಾನು ಹಿಂದೆ ಸೊಂಟ ಹಿಡ್ಕೊಂಡಿದ್ದೆ. 7ನೇ ಸೀಟಿನವನು ಚಪ್ಪಾಳೆ ಶುರು ಮಾಡಿದ. ಬಸ್ಸೆಲ್ಲ ಚಪ್ಪಾಳೆ ಹೊಡೀತು. ಅಪ್ಪ ನಡೀತಾ ನಡೀತಾ ಆ ಕಡೆ ಈ ಕಡೆ ನೋಡಿ ನಕ್ಕರು. ಚಪ್ಪಾಳೆ ತಮಗೂ ಸೇರಿ ಅಂದ್ಕೊಂಡ್ರು. ಅವರು ಟಾರು ಹಾಕಿದ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಇಂಥ ಬಸ್ಸುಗಳು ಓಡಿವೆ, ಒಬ್ಬನೂ ಕಿಟಕಿಯಿಂದ ಕೈ ಎತ್ತಿರಲಿಲ್ಲ. ಅಪ್ಪ ಆ ಚಪ್ಪಾಳೆಗೆ ತಲೆ ಬೇರೆ ಬಗ್ಗಿಸಿದ್ರು. ನನಗೆ ಆಗಲೇ ಯಾರನ್ನಾದ್ರೂ ಹೊಡೀಬೇಕು ಅನ್ನಿಸ್ತು. ಹೊಡೀಲಿಲ್ಲ.

ನಾವು ಹಿಂದೆ ತಲುಪಿ ನಾನು ತಿರುಗಿ ನೋಡಿದಾಗ ಸೈನಿಕರು ಒಂದನೇ ಸೀಟಲ್ಲಿ ಕೂತಿದ್ರು. ಮೂರನೇ ಸಲ ಬೇಡ ಅನ್ನಲಿಲ್ಲ. ಕಂಡಕ್ಟರ್ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ.

ಬಸ್ಸು 3-44ಕ್ಕೆ ಹೊರಟಿತು, ನಾಲ್ಕು ನಿಮಿಷ ಲೇಟು.

ಕೊನೇ ಸಾಲು ಹೆಂಗಿದೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಅಲ್ಲಿ ನೆಲ ಒಂದು ಗೇಣು ಎತ್ತರ. ಸೀಟು ಮಾತ್ರ ತಗ್ಗು. ಕೂತ್ರೆ ಮಂಡಿ ಎದೆ ಹತ್ರ ಬರುತ್ತೆ. ಡಾಕ್ಟರಮ್ಮ ಯಾವುದು ಬೇಡ ಅಂದಿದ್ರೋ ಅದೇ. ಅಪ್ಪನ ಕಾಲನ್ನ ನಡುದಾರಿಗೆ ಚಾಚಿಸಿದೆ. ನಿಂತಿದ್ದವರು ತುಳೀತಾರೆ ಅಂತ ಅಪ್ಪ ವಾಪಸ್ ಎಳ್ಕೊಂಡ್ರು. ಮೂರು ಸಲ ಚಾಚಿಸಿದೆ, ಮೂರು ಸಲ ಎಳ್ಕೊಂಡ್ರು. ಜನಕ್ಕೆ ತೊಂದರೆ ಆಗುತ್ತೆ ಕಣೋ ಅಂದ್ರು. ನಿನಗೆ ತೊಂದರೆ ಆಗಲ್ವಾ ಅಂದೆ. ಬಾಯಿ ಮುಚ್ಚು, ಎಲ್ಲರೂ ನೋಡ್ತಿದಾರೆ ಅಂದ್ರು.

4-17ಕ್ಕೆ, ಸೇತುವೆಗೆ ಒಂದೂವರೆ ಕಿಲೋಮೀಟರ್ ಇದೆ ಅನ್ನುವಾಗ, ಡ್ರೈವರ್ ರಸ್ತೆ ಉಬ್ಬನ್ನ ನೋಡದೆ ಹಾರಿಸಿದ. ಹಿಂದಿನ ಸಾಲಿನ ಐದೂ ಜನ ಮೇಲಕ್ಕೆ ಹಾರಿ ಬಿದ್ರು. ನಾನು ಕಂಬಿ ಹಿಡ್ಕೊಂಡಿದ್ದೆ. ಅಪ್ಪನ ಹತ್ರ ಹಿಡ್ಕೊಳ್ಳೋಕೆ ಏನೂ ಇರಲಿಲ್ಲ, 43ರ ಮುಂದೆ ಬರೀ ನಡುದಾರಿ. ಒಂದು ಸದ್ದು ಬಂತು. ಅದು ಹೆಂಗಿತ್ತು ಅಂತ ನಾನು ಹೇಳಲ್ಲ. ಅಪ್ಪ ಕೂಗಿದ್ರು. ಕಾಲಿಗೆ ಬಿಸಿ ಟಾರು ಬಿದ್ದಾಗಲೂ ಕೂಗದ ಮನುಷ್ಯ ಅವರು. ನೋಡಿದ್ರೆ ಬಲಗಾಲು ಒಳಗಡೆ ತಿರುಗಿತ್ತು, ಎಡಗಾಲಿಗಿಂತ ಗಿಡ್ಡ ಆಗಿತ್ತು.

ನಾನು ಬಸ್ ನಿಲ್ಲಿಸಿ ಅಂತ ಕಿರುಚಿದೆ. ನಿಲ್ಲಿಸಲಿಲ್ಲ. ಮುಂದಕ್ಕೆ ಓಡಿದೆ. ಕಂಡಕ್ಟರ್ ಅಡ್ಡ ಬಂದ. ಮುಂದಿನ ಸ್ಟಾಪು ಒಂಬತ್ತು ಕಿಲೋಮೀಟರು, ಅಲ್ಲಿ ನಿಲ್ಲಿಸ್ತೀನಿ, ಸೇತುವೆ ಮೇಲೆ ನಿಲ್ಲಿಸೋ ಹಾಗಿಲ್ಲ, ಯೋಧರಿಗೆ ಆರು ಗಂಟೆ ಹತ್ತು ನಿಮಿಷಕ್ಕೆ ರೈಲಿದೆ ಅಂದ. ನಮ್ಮಪ್ಪನಿಗೆ ಕಾಲು ಕಳಚಿದೆ ಕಣೋ ಅಂದೆ. ನಾಟಕ ಮಾಡ್ಬೇಡ, ಸೀಟು ಹೋಯ್ತು ಅಂತ ಹಿಂಗಾಡ್ತಿದೀಯ ಅಂದ.

ನಾನು ಅವನನ್ನ ತಳ್ಳಿ ಒಂದನೇ ಸೀಟಿನ ಹತ್ರ ಹೋದೆ. ಸೈನಿಕರು ನಿದ್ದೆ ಮಾಡ್ತಿದ್ರು. ಕಾಲು ಚಾಚಿದ್ರು. ಅಪ್ಪನಿಗೆ ಅಂತ ನಾನು ಇಟ್ಟಿದ್ದ ಬ್ಯಾಗ್ ಅಲ್ಲೇ ಇತ್ತು, ಅವರ ಬೂಟು ಅದರ ಮೇಲಿತ್ತು. ಎಬ್ಬಿಸೋಕೆ ಅಂತ ಬಗ್ಗಿದಾಗ ನನ್ನ ಕಣ್ಣಿಗೆ ಅವರ ತೋಳಿನ ಬ್ಯಾಡ್ಜ್ ಬಿತ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಂಗಡೀಲಿ ಸ್ಕೂಲು, ಆಸ್ಪತ್ರೆ, ಸೆಕ್ಯೂರಿಟಿ ಕಂಪನಿ ಯೂನಿಫಾರ್ಮು ಹೊಲೀತೀವಿ. ಎರಡು ತಿಂಗಳ ಹಿಂದೆ ಮಾಸ್ಟರ್ ಕಡು ಹಸಿರು ದಾರ ತರಲಿಕ್ಕೆ ಹೋಗಿ ಗಿಳಿ ಹಸಿರು ದಾರದ ಉಂಡೆ ತಂದ್ರು. ಎಸೆಯೋಕೆ ಮನಸ್ಸು ಬರಲಿಲ್ಲ. ಇದನ್ನ ವಾಚ್‌ಮನ್‌ಗಳ ಬ್ಯಾಡ್ಜಿಗೆ ಹಾಕು, ಅವರ ತೋಳು ಯಾರು ನೋಡ್ತಾರೆ ಅಂದ್ರು. ಬ್ಯಾಡ್ಜ್ ಹೊಲಿಯೋದು ನನ್ನ ಕೆಲಸ. ಮೂಲೆಗೆ ಬಂದಾಗ ಮಷೀನನ್ನ ಮೂರು ಸಲ ಹಿಂದೆ ಮುಂದೆ ಓಡಿಸ್ತೀನಿ. ಮಾಸ್ಟರ್ ಬೈತಾರೆ, ಎರಡು ಸಲ ಸಾಕು, ಹಾಸಿಗೆ ಹೊಲೀತಿದೀಯಾ ಅಂತ. ಆದರೂ ಮೂರು ಸಲಾನೇ.

ಸೈನಿಕರ ಬ್ಯಾಡ್ಜ್ ಗಿಳಿ ಹಸಿರು ದಾರದಲ್ಲಿ ಹೊಲಿದಿತ್ತು. ನಾಲ್ಕೂ ಮೂಲೇಲಿ ಮೂರು ಮೂರು ಸಲ. ನನ್ನ ಕೈ ನನಗೆ ಗೊತ್ತಾಗಲ್ವಾ. ಸೈನ್ಯದವರಿಗೆ ಅವರದೇ ಟೈಲರ್‌ಗಳು ಇರ್ತಾರೆ, ನಮ್ಮ ಅಂಗಡಿಗೆ ಬರಲ್ಲ ಅಂತ ನಾನು ತಿಳ್ಕೊಂಡಿದ್ದೆ. ಹಂಗಾದ್ರೆ ಇವನು ಯಾವುದೋ ಗೇಟಿನ ವಾಚ್‌ಮನ್ನು, ಬಸ್ಸಲ್ಲಿ ಒಳ್ಳೇ ಸೀಟು ಸಿಗಲಿ ಅಂತ ವೇಷ ಹಾಕಿದಾನೆ ಅಂದ್ಕೊಂಡೆ. ಮೈಯೆಲ್ಲ ಉರಿದುಹೋಯ್ತು. ಒಂದು ಮಾತು ನಿಜ ಹೇಳ್ತೀನಿ, ಉರಿಯೊಳಗೆ ಸ್ವಲ್ಪ ಖುಷೀನೂ ಆಯ್ತು. ಇವನು ಸುಳ್ಳಾದ್ರೆ ನಾನು ಬೈದ್ರೂ ಯಾರೂ ಕೇಳಂಗಿಲ್ಲ.

ಎದ್ದೇಳೋ ಕಳ್ಳ, ಇದು ನಾನೇ ಹೊಲಿದಿದ್ದು ಅಂತ ಅಂದು ಬ್ಯಾಡ್ಜಿಗೆ ಕೈ ಹಾಕಿ ಎಳೆದೆ. ಮೂರು ಸಲ ಹೊಲಿದಿದ್ದರಿಂದ ಬ್ಯಾಡ್ಜ್ ಬರಲಿಲ್ಲ, ತೋಳೇ ಹರಿದು ಬಂತು. ಮೇಲಿಂದ ಮೊಣಕೈವರೆಗೆ, ಒಂದು ಗೇಣಿಗಿಂತ ಜಾಸ್ತಿ. ಅವರಿಗೆ ನಾನು ಹೊಡೆದಿಲ್ಲ. ಕಂಡಕ್ಟರ್ ಬರೆಸಿರೋ ಹಾಗೆ ಕಾಲಲ್ಲಿ ಒದ್ದಿಲ್ಲ. 7ನೇ ಸೀಟಿನವನು ಹಿಂದಿನಿಂದ ಬಂದು ನನ್ನ ಕಿವಿ ಮೇಲೆ ಎರಡು ಏಟು ಹಾಕಿದ. ಆಗ ಅವನು ಸೀಟಿಂದ ಎದ್ದಿದ್ದ, ಅದನ್ನೂ ಬರ್ಕೊಳಿ, ಅವನಿಗೆ ಏಳೋಕೆ ಬರುತ್ತೆ.

ಡ್ರೈವರ್ ಬ್ರೇಕ್ ಹಾಕಿದ. ಬಸ್ಸು ಸೇತುವೆ ಮೇಲೆ ನಿಲ್ತು. ಸಮಯ 4-20. ನಮ್ಮಪ್ಪ ಕೂಗಿದಾಗ ನಿಲ್ಲದ ಬಸ್ಸು ಬಟ್ಟೆ ಹರಿದ ಸದ್ದಿಗೆ ನಿಲ್ತು.

ಎಲ್ಲರೂ ನನ್ನನ್ನ ಹಿಡ್ಕೊಂಡ್ರು. ದೇಶದ್ರೋಹಿ ಅಂದ್ರು, ಇನ್ನೂ ಏನೇನೋ ಅಂದ್ರು. ಅಮ್ಮನ ಹೆಸರು ಹಿಡಿದೂ ಬೈದ್ರು. ಆಗ ಹಿಂದಿನಿಂದ ಅಪ್ಪನ ದನಿ ಮತ್ತೆ ಬಂತು. ಸೈನಿಕರು ಹರಿದ ತೋಳಲ್ಲೇ ಎದ್ದು, ಯಾರಿಗೆ ಏನಾಗಿದೆ ಅಂತ ಕೇಳಿದ್ರು. ಅಜ್ಜಿ ಹೇಳಿದ್ರು, ನೀನು ಕೂತಿರೋ ಸೀಟಿನ ಯಜಮಾನಪ್ಪಾ, ಅವನ ಕಾಲು ಹೋಯ್ತು ಅಂತ.

ಅವರು ಜನರನ್ನ ತಳ್ಕೊಂಡು ಹಿಂದೆ ಹೋದ್ರು. ಒಂದು ಸಲ ಕಾಲು ನೋಡಿದ್ರು. ಯಾರೂ ಎಳೀಬೇಡಿ, ನೆಟ್ಟಗೆ ಮಾಡೋಕೆ ಹೋಗಬೇಡಿ ಅಂದ್ರು. ಅಪ್ಪನ ಹೆಗಲ ಕೆಳಗೆ ಕೈ ಹಾಕಿ, ಇನ್ನೊಬ್ಬರಿಗೆ ಕಾಲನ್ನ ಹೆಂಗಿದೆಯೋ ಹಂಗೇ ಹಿಡ್ಕೊಳ್ಳೋಕೆ ಹೇಳಿ, ನಡುದಾರೀಲಿ ಮಲಗಿಸಿದ್ರು. ತಮ್ಮ ಚೀಲದಿಂದ ಕಂಬಳಿ ತೆಗೆದು ಮಡಚಿ ಎರಡು ಕಾಲಿನ ನಡುವೆ ಇಟ್ರು. ಬೆಲ್ಟು ಬಿಚ್ಚಿ ಎರಡೂ ಕಾಲು ಸೇರಿಸಿ ಮೆಲ್ಲಗೆ ಕಟ್ಟಿದ್ರು. ಪಾದ ಮುಟ್ಟಿ, ಬೆರಳು ಆಡಿಸಪ್ಪಾಜಿ ಅಂದ್ರು. ಅಪ್ಪ ಆಡಿಸಿದ್ರು. ಅಪ್ಪಾಜಿ ಅಂದ್ರು ಸರ್. ಎರಡು ನಿಮಿಷದಲ್ಲಿ ಇಷ್ಟೆಲ್ಲ ಆಯ್ತು. ನನ್ನನ್ನ ನಾಲ್ಕು ಜನ ಹಿಡ್ಕೊಂಡಿದ್ರು, ಅವರ ಕೈಸಂದಿಯಿಂದ ನೋಡಿದೆ. ವಾಚ್‌ಮನ್ ಕೈ ಅಲ್ಲ ಅದು ಅಂತ ಆಗ ಗೊತ್ತಾಯ್ತು. ಸುಳ್ಳು ಸೈನಿಕ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದ್ದೂ ಅವರೇ. 4-46ಕ್ಕೆ ಆಂಬುಲೆನ್ಸೂ ನಿಮ್ಮ ಜೀಪೂ ಒಟ್ಟಿಗೇ ಬಂದವು. ನಾನು ಅಪ್ಪನ ಜೊತೆ ಹೋಗ್ತೀನಿ ಅಂದೆ. ಕಂಡಕ್ಟರ್ ಮತ್ತೆ 7ನೇ ಸೀಟಿನವನು ಬಿಡಲಿಲ್ಲ, ಇವನು ಓಡಿಹೋಗ್ತಾನೆ ಅಂದ್ರು. ಜೀಪಿನ ಕಾನ್‌ಸ್ಟೇಬಲ್ಲೂ ಬಿಡಲಿಲ್ಲ. ಅಪ್ಪನ ಜೊತೆ ಅಜ್ಜಿ ಹೋದ್ರು. ಗುರುತಿಲ್ಲ ಪರಿಚಯ ಇಲ್ಲ, ಇಳಿಯೋ ಊರು ಬಿಟ್ಟು ವಾಪಸ್ 24 ಕಿಲೋಮೀಟರ್ ಹೋದ್ರು. ಅಕ್ಕನ ನಂಬರನ್ನ ಅಜ್ಜಿಯ ಕೈ ಮೇಲೆ ಪೆನ್ನಲ್ಲಿ ಬರೆದುಕೊಟ್ಟೆ. ಕಂಡಕ್ಟರ್ ದೂರು ಬರೆಸೋಕೆ ಅಂತ ಜೀಪು ಹತ್ತಿದ, ಡ್ರೈವರ್ ಒಬ್ಬನೇ ಬಸ್ಸು ತಗೊಂಡು ಹೋದ, ವಾಕರ್ ಡಿಕ್ಕೀಲೇ ಉಳೀತು.

5-05ಕ್ಕೆ ಠಾಣೆಗೆ ಬಂದ್ವಿ. ಸೈನಿಕರನ್ನ ಇನ್ಸ್‌ಪೆಕ್ಟರ್ ಸಾಹೇಬ್ರು ಎದ್ದು ನಿಂತು ಬರಮಾಡ್ಕೊಂಡ್ರು, ಫ್ಯಾನ್ ಕೆಳಗೆ ಕುರ್ಚಿ ಹಾಕಿಸಿದ್ರು, ಟೀ ತರಿಸಿದ್ರು. ಕಂಡಕ್ಟರನಿಗೂ ಟೀ ಬಂತು. ನನ್ನನ್ನ ಬಾಗಿಲ ಹತ್ರ ನೆಲದ ಮೇಲೆ ಕೂರಿಸಿದ್ರು. ಅಪ್ಪ ಹೆಂಗಿದಾರೆ ಅಂತ ಒಂದು ಫೋನ್ ಮಾಡಿ ಅಂತ ಐದು ಸಲ ಕೇಳಿದೆ. 5-50ಕ್ಕೆ ಫೋನ್ ಕೊಟ್ರು, ಅದೂ ಸೈನಿಕರು ಹೇಳಿದ ಮೇಲೆ. ಅಕ್ಕ ಯಾರದೋ ಕಾರು ಹತ್ತಿ ಆಗಷ್ಟೇ ಆಸ್ಪತ್ರೆ ತಲುಪಿದ್ದಳು. ಪ್ರಜ್ಞೆ ತಪ್ಪೋ ಇಂಜೆಕ್ಷನ್ ಕೊಟ್ಟು ಕೀಲನ್ನ ಎಳೆದು ಕೂರಿಸೋಕೆ ನೋಡ್ತಾರಂತೆ, ಆಗಲಿಲ್ಲ ಅಂದ್ರೆ ಮತ್ತೆ ಕೊಯ್ಯಬೇಕಂತೆ, ಎರಡನೇ ಸಲ ಕೊಯ್ದ್ರೆ ಮೊದಲಿನ ಹಾಗೆ ನಡೀತಾರೆ ಅಂತ ಹೇಳೋಕೆ ಆಗಲ್ಲ ಅಂದ್ರಂತೆ. ನೀನೆಲ್ಲಿ ಸತ್ತಿದೀಯೋ ಅಂದಳು. ಪೊಲೀಸ್ ಸ್ಟೇಷನ್ನಲ್ಲಿ ಅಂದೆ. ಇಟ್ಟುಬಿಟ್ಟಳು.

ಬ್ಯಾಡ್ಜಿನ ವಿಷಯ ಇಲ್ಲಿ ಬಿಡಿಸ್ಕೊಳ್ತು. ಸೈನಿಕರು ಹದಿನೈದು ದಿನದ ರಜೆ ಮುಗಿಸಿ ವಾಪಸ್ ಡ್ಯೂಟಿಗೆ ಹೊರಟಿದ್ದವರು. ಒಗೆಯುವಾಗ ಬ್ಯಾಡ್ಜ್ ಕಿತ್ತುಬಂದಿತ್ತು, ಅವರ ಹೆಂಡತಿ ಸೋಮವಾರ ಬಸ್ ಸ್ಟ್ಯಾಂಡ್ ಎದುರಿನ ಅಂಗಡೀಲಿ ಹೊಲಿಸಿದ್ರಂತೆ. ಸೋಮವಾರ ನಾನು ನಲವತ್ತು ವಾಚ್‌ಮನ್ ಷರ್ಟಿಗೆ ಬ್ಯಾಡ್ಜ್ ಹೊಲೀತಿದ್ದೆ. ಒಬ್ಬರು ಒಂದು ಷರ್ಟು ತಂದು ಬೇಗ ಬೇಕು ಅಂದಿದ್ದು ನೆನಪಿದೆ. ದಾರ ಬದಲಾಯಿಸೋಕೆ ಸೋಮಾರಿತನ ಆಯ್ತು, ಯಾರ ಷರ್ಟು ಅಂತಾನೂ ನೋಡದೆ ಅದೇ ದಾರದಲ್ಲಿ ಹೊಲಿದು ಕೊಟ್ಟೆ. ಇದು ನನ್ನ ತಪ್ಪು. ನಿಜವಾದ ಸೈನಿಕರನ್ನ ಕಳ್ಳ ಅಂದಿದ್ದೂ ನನ್ನ ತಪ್ಪು. ಅವರ ಎದುರಿಗೇ ಒಪ್ಪಿಕೊಂಡಿದೀನಿ.

ಆದರೆ ರೈಟರ್ ಸಾಹೇಬ್ರೆ, ಅವರು ನಿಜವಾದ ಸೈನಿಕರು ಅಂತಾದ ಮಾತ್ರಕ್ಕೆ ಆ ಸೀಟು ಅವರದಾಗಲಿಲ್ಲ.

ಯಾಕೆ ಕೂತ್ರಿ ಅಂತ ನಾನು ಅವರನ್ನ ಕೇಳಿದೆ. ಇನ್ಸ್‌ಪೆಕ್ಟರ್ ಸಾಹೇಬ್ರು ಬಾಯಿ ಮುಚ್ಚು ಅಂದ್ರು. ಸೈನಿಕರು, ಅವನು ಕೇಳಲಿ ಬಿಡಿ ಅಂದ್ರು. ರಜೆಗೆ ಬರುವಾಗ ರೈಲಲ್ಲಿ ಎರಡು ದಿನ ಟಾಯ್ಲೆಟ್ ಪಕ್ಕ ನಿಂತು ಬಂದೆ, ಇದೇ ಯೂನಿಫಾರ್ಮಲ್ಲಿ, ಒಬ್ಬನೂ ಜರುಗಿ ಜಾಗ ಕೊಡಲಿಲ್ಲ ಅಂದ್ರು. ಇಲ್ಲಿ ಇಷ್ಟೊಂದು ಜನ ಕೂತ್ಕೋ ಕೂತ್ಕೋ ಅಂದಾಗ, ಕೂರಲಿಲ್ಲ ಅಂದ್ರೆ ಅವಮಾನ ಮಾಡಿದ ಹಾಗಾಗುತ್ತೆ ಅನ್ನಿಸ್ತು ಅಂದ್ರು. ಖುಷೀನೂ ಆಯ್ತು ಅಂದ್ರು. ನಿಮ್ಮಪ್ಪ ಕುಂಟೋದು ನೋಡಿದೆ, ವಯಸ್ಸಾದವರು ಕುಂಟ್ತಾರೆ ಅಂದ್ಕೊಂಡೆ ಅಂದ್ರು.

ನನಗೆ ಅವರ ಮೇಲೆ ಅಯ್ಯೋ ಅನ್ನಿಸ್ತು, ಇಲ್ಲ ಅನ್ನಲ್ಲ. ಆದರೆ ರೈಲಲ್ಲಿ ನೂರು ಜನ ಕೊಡದ ಮರ್ಯಾದೇನ ನಮ್ಮಪ್ಪನ ಸೊಂಟದಿಂದ ವಸೂಲಿ ಮಾಡಬೇಕಾ? ಸೈನಿಕರಿಗೆ ಸೀಟು ಕೊಡಬಾರದು ಅಂತ ನಾನು ಹೇಳ್ತಿಲ್ಲ. ಕೊಡಿ. ರೈಲಲ್ಲಿ, ಬಸ್ಸಲ್ಲಿ ಅವರಿಗೆ ಅಂತಾನೇ ಸೀಟು ಇಡಿ, ಅದರ ಮೇಲೆ ಬೋರ್ಡ್ ಹಾಕಿ, ಮೊದಲೇ ಹೇಳಿ, ನಾವು ಬೇರೆ ಬಸ್ಸು ನೋಡ್ಕೋತೀವಿ. ಯಾರಿಗೆ ಮನಸ್ಸಿದೆಯೋ ಅವರು ತಮ್ಮ ಕುಂಡೆ ಎತ್ತಿ ತಮ್ಮ ಸೀಟು ಕೊಡಲಿ, ನಾನೂ ಕೊಡ್ತೀನಿ, ಇವತ್ತೂ ಕೊಟ್ಟಿದ್ದೆ. (ರೈಟರ್ ಸಾಹೇಬ್ರು ಕುಂಡೆ ಅಂತ ಬರೆಯೋ ಹಾಗಿಲ್ಲ ಅಂದ್ರು. ಬರೀರಿ ಅಂದೆ. ಬರೆದಿದಾರೆ.)

6-25ಕ್ಕೆ ಇನ್ಸ್‌ಪೆಕ್ಟರ್ ಸಾಹೇಬ್ರು ನನ್ನನ್ನ ಒಳಗೆ ಕರೆದ್ರು. ನಿನ್ನ ಅದೃಷ್ಟ ಚೆನ್ನಾಗಿದೆ, ಇವರು ದೊಡ್ಡ ಮನಸ್ಸು ಮಾಡಿ ಕೇಸ್ ಬೇಡ ಅಂದಿದಾರೆ, ರಾಜಿ ಅಂತ ಬರೆದು ಸಹಿ ಹಾಕು, ಕಾಲಿಗೆ ಬಿದ್ದು ಆಸ್ಪತ್ರೆಗೆ ಹೋಗು ಅಂದ್ರು. ಕಂಡಕ್ಟರ್ ತಲೆ ಆಡಿಸಿದ, ಹುಡುಗು ಬುದ್ಧಿ, ಬಿಟ್ಟುಬಿಡಿ ಸಾರ್ ಅಂದ. ಮಧ್ಯಾಹ್ನದಿಂದ ಅವನು ಆಡಿದ ಮಾತಲ್ಲಿ ಅದೇ ಮೆತ್ತಗಿನ ಮಾತು. ಆಗಲೇ ನನಗೆ ಅನುಮಾನ ಬಂತು.

ರಾಜಿ ಆದ್ರೆ ಬಸ್ಸಲ್ಲಿ ನಡೆದಿದ್ದು ಯಾವ ಪುಸ್ತಕದಲ್ಲಿ ಬರೀತೀರಿ ಅಂತ ಕೇಳಿದೆ. ರಾಜಿ ಆದ ಮೇಲೆ ಬರೆಯೋದೇನಿದೆ, ಏನೂ ಇಲ್ಲ ಅಂದ್ರು. ಹಂಗಾದ್ರೆ ನಮ್ಮಪ್ಪನ ಕಾಲು ತಾನಾಗೇ ಕಳಚ್ಕೊಳ್ತಾ ಅಂದೆ. ನಾಳೆ ಆಸ್ಪತ್ರೆಯವರು ಹೆಂಗಾಯ್ತು ಅಂತ ಕೇಳಿದ್ರೆ ಮುದುಕ ಬಸ್ಸಲ್ಲಿ ಬಿದ್ದ ಅಂತಾರೆ. ಕಂಡಕ್ಟರ್ ನಾಳೆ 3-40ಕ್ಕೆ ಹದಿಮೂರನೇ ಫೋಟೋ ಅಂಟಿಸ್ಕೊಂಡು ಮತ್ತೆ ಇನ್ಯಾರನ್ನೋ ರಟ್ಟೆ ಹಿಡಿದು ಎತ್ತುತಾನೆ.

ಅದಕ್ಕೆ ನಾನು ರಾಜಿಗೆ ಒಪ್ಪಲ್ಲ ಅಂದೆ. ಬಟ್ಟೆ ಹರಿದಿದ್ದಕ್ಕೆ, ಕಳ್ಳ ಅಂದಿದ್ದಕ್ಕೆ ನನ್ನ ಮೇಲೆ ಕೇಸ್ ಹಾಕಿ. ಕೇಸ್ ಆದ್ರೆ ಯಾಕೆ ಹರಿದೆ ಅಂತ ಯಾರಾದ್ರೂ ಕೇಳಲೇಬೇಕು. ಕೇಳಿದಾಗ ಅಪ್ಪನ್ನ ಎಬ್ಬಿಸಿದ್ದು ಬರುತ್ತೆ, ಚೀಟಿ ನೋಡದೇ ಇದ್ದಿದ್ದು ಬರುತ್ತೆ, ಕೂಗಿದ್ರೂ ಬಸ್ ನಿಲ್ಲಿಸದೇ ಇದ್ದಿದ್ದು ಬರುತ್ತೆ. ಅದರ ಜೊತೆ ಕಂಡಕ್ಟರ್ ಮೇಲೆ ನನ್ನ ದೂರನ್ನೂ ತಗೊಳಿ. ಇನ್ಸ್‌ಪೆಕ್ಟರ್ ಸಾಹೇಬ್ರು, ಸೈನಿಕರ ಮೇಲೆ ಕೈ ಮಾಡಿದ ಕೇಸ್ ಅಂದ್ರೆ ಏನು ಗೊತ್ತಾ, ಮುಂದೆ ಎಲ್ಲೂ ಕೆಲಸ ಸಿಗಲ್ಲ, ಹುಚ್ಚು ಹಿಡಿದಿದೆಯಾ ನಿನಗೆ ಅಂದ್ರು. ಇರಬಹುದು ಅಂದೆ.

ಆಮೇಲೆ ಸೈನಿಕರಿಗೆ ಹೇಳಿದೆ. ಸರ್, ನೀವು ನನ್ನನ್ನ ಕ್ಷಮಿಸೋದು ಬೇಡ. ನೀವು ಎರಡು ಸಲ ಬೇಡ ಅಂದ್ರಿ, ಕಂಡಕ್ಟರ್ ಬಿಡಲಿಲ್ಲ, ಕೊನೇ ಸಾಲಿನ ಸೀಟು ಖಾಲಿ ಇತ್ತು. ಇಷ್ಟನ್ನ ಬರೆದುಕೊಡಿ ಅಂದೆ. ಇನ್ಸ್‌ಪೆಕ್ಟರ್ ಸಾಹೇಬ್ರು, ಅವರಿಗೆ ಆಗಲೇ ಒಂದು ರೈಲು ತಪ್ಪಿದೆ, 9-10ಕ್ಕೆ ಇನ್ನೊಂದಿದೆ, ಅವರನ್ನ ಕೋರ್ಟು ಕಚೇರಿ ಅಂತ ಎಳೀಬೇಡ ಅಂದ್ರು. ಕಂಡಕ್ಟರ್ ನಾನೇ ಬಿಟ್ಟುಬರ್ತೀನಿ ಸಾರ್, ಏಳಿ ಅಂತ ಅವರ ಚೀಲಕ್ಕೆ ಕೈ ಹಾಕಿದ.

ಸೈನಿಕರು ಮಾತ್ರ ಏಳಲಿಲ್ಲ. ಅದನ್ನ ಬರೆದ್ರೆ ಮೂರನೇ ಸಲಕ್ಕೆ ಕೂತಿದ್ದನ್ನೂ ಬರೀಬೇಕಾಗುತ್ತೆ, ನಮ್ಮ ಆಫೀಸರ್ ಕೈಗೂ ಹೋಗುತ್ತೆ ಅಂದ್ರು. ಹೌದು ಅಂದೆ. ನಿಮ್ಮಪ್ಪನಿಗೆ ಆಪರೇಷನ್ ಆಗಿದೆ ಅಂತ ನೀನು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು ಅಂದ್ರು. ಇದನ್ನ ಅವರು ಮೊದಲು ಹೇಳಿರಲಿಲ್ಲ. ನನಗೆ ಅವರನ್ನ ಹೊಡೀಬೇಕೋ ಕೈ ಹಿಡ್ಕೋಬೇಕೋ ಗೊತ್ತಾಗಲಿಲ್ಲ. ಎರಡೂ ಮಾಡಲಿಲ್ಲ. ಅವರು ಕಂಡಕ್ಟರ್ ಕೈಯಿಂದ ಚೀಲ ಬಿಡಿಸ್ಕೊಂಡು ಕೆಳಗಿಟ್ರು. ರಾಜಿ ಕಾಗದ ಮಡಚಿ ಪಕ್ಕಕ್ಕಿಟ್ಟು, ಇನ್ನೊಂದು ಹಾಳೆ ಕೊಡಿ ಅಂತ ರೈಟರನ್ನ ಕೇಳಿದ್ರು. ನಾನು ಇದನ್ನ ಹೇಳ್ತಿರುವಾಗ ಅವರು ಎದುರಿನ ಮೇಜಲ್ಲಿ ಬರೀತಿದಾರೆ. ಏನು ಬರೀತಿದಾರೆ ಅಂತ ನಾನು ನೋಡಿಲ್ಲ.

7-05ಕ್ಕೆ ಅಕ್ಕ ಮತ್ತೆ ಫೋನ್ ಮಾಡಿದಳು. ಎಳೆದು ಕೂರಿಸೋಕೆ ಆಗಲಿಲ್ಲವಂತೆ. ಮತ್ತೆ ಕೊಯ್ಯೋಕೆ ಅಂತ ಅಪ್ಪನ್ನ ಒಳಗೆ ಕರ್ಕೊಂಡು ಹೋದ್ರಂತೆ. ಹೋಗುವಾಗ ಅಪ್ಪ ಅವಳಿಗೆ ಹೇಳಿದ್ರಂತೆ, ತಮ್ಮನಿಗೆ ಹೇಳು, ಆ ಹುಡುಗನ ಮೇಲೆ ಕೂಗಾಡಬೇಡ ಅಂತ, ತಪ್ಪು ನಂದೇ, ನಾನೇ ಎದ್ದಿದ್ದು ಅಂತ.

ಅಪ್ಪನ ಆ ಮಾತನ್ನ ನಾನು ಒಪ್ಪಲ್ಲ. ಅದನ್ನ ಅವರ ಹೇಳಿಕೆ ಅಂತ ಯಾರೂ ಎಲ್ಲೂ ಬಳಸಬಾರದು.

ಇಲ್ಲಿ ಬರೆದಿರೋದನ್ನೆಲ್ಲ ರೈಟರ್ ಸಾಹೇಬ್ರು ನನಗೆ ಗಟ್ಟಿಯಾಗಿ ಓದಿ ಹೇಳಿದಾರೆ. ಎಲ್ಲ ನಿಜ, ನನ್ನ ತಪ್ಪೂ ಸೇರಿ. ಎರಡನೇ ಹಾಳೇಲಿ "ವೃದ್ಧರು ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಟ್ಟಿರುತ್ತಾರೆ" ಅಂತ ಅವರಾಗೇ ಬರೆದಿದ್ರು. ಅದನ್ನ ಹೊಡೆದುಹಾಕಿಸಿ, ಪಕ್ಕದಲ್ಲಿ ನನ್ನ ಸಹಿ ಹಾಕಿದೀನಿ.

ಸ್ಥಳ: ಸೇತುವೆ ಪಕ್ಕದ ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳು 14, ಗುರುವಾರ, ಸಂಜೆ 7-20
ಹೇಳಿಕೆ ಕೊಟ್ಟವನ ಸಹಿ: ಕತ್ರಿ